‘ಸೂಳೆ ಬಜಾರ್’ ಎಂಬ ಅಂಕಿತನಾಮ: ಸ್ವಯಂಚಾಲಿತ ವಿಷಯ ನಿಯಂತ್ರಣದ ಭಾಷಾಗ್ರಹಿಕೆಯನ್ನು ಕುರಿತು

ಹಂಪಿಯ ಅಚ್ಯುತರಾಯ ದೇವಾಲಯದಿಂದ ಉತ್ತರಕ್ಕೆ, ತುಂಗಭದ್ರೆಯ ಕಡೆಗೆ ಚಾಚಿಕೊಂಡಿರುವ ಕಲ್ಲುಮಂಟಪಗಳ ಸಾಲುಬೀದಿಗೆ ಎರಡು ಹೆಸರುಗಳಿವೆ. 1534ರಲ್ಲಿ ಸಿದ್ಧವಾದ ದೇವಾಲಯದೊಂದಿಗೆ ಬಂದ ಹೆಸರು ಅಚ್ಯುತಪೇಟೆ. ಜನರ ಬಾಯಲ್ಲಿ ನಿಂತಿರುವ ಹೆಸರು ಸೂಳೆ ಬಜಾರ್. ಹೊಸಪೇಟೆಯಿಂದ ಪ್ರವಾಸಿಗರನ್ನು ಕರೆತರುವ ಆಟೋ ಚಾಲಕರೂ ಸ್ಥಳೀಯ ಮಾರ್ಗದರ್ಶಿಗಳೂ ಸಾಮಾನ್ಯವಾಗಿ ಎರಡನೆಯದನ್ನೇ ಬಳಸುತ್ತಾರೆ. ಇಂಗ್ಲಿಷಿನಲ್ಲಿ ವಿವರಿಸುವಾಗ ಅದನ್ನು ‘ಕೋರ್ಟಿಸಾನ್ಸ್ ಸ್ಟ್ರೀಟ್’ ಎಂದು ತಿರುಗಿಸುತ್ತಾರೆ. ಇಂಗ್ಲಿಷಿನ ಆ ಪದ ಬೈಗುಳವಲ್ಲ. ಕನ್ನಡದ ಪದ ಬೈಗುಳವೂ ಹೌದು. ಆದುದರಿಂದ ಒಂದೇ ಬೀದಿಯ ಒಂದೇ ಛಾಯಾಚಿತ್ರದ ಕೆಳಗೆ ಇಂಗ್ಲಿಷ್ ಶೀರ್ಷಿಕೆ ಬರೆದವರು ನಿರಪಾಯರಾಗಿ ಉಳಿಯುತ್ತಾರೆ. ಊರಿನ ಹೆಸರನ್ನು ಊರಿನವರು ಹೇಳುವಂತೆಯೇ ಬರೆದವರು ಪದಪಟ್ಟಿಯನ್ನು ನೆಚ್ಚಿದ ಶೋಧಕಕ್ಕೆ ಸಂಶಯಾಸ್ಪದರಾಗುತ್ತಾರೆ.

ಸ್ವಯಂಚಾಲಿತ ವಿಷಯ ನಿಯಂತ್ರಣದ ತಪ್ಪಿನಿಂದ ಜನರು ತಮ್ಮದೇ ಖಾತೆಗಳಿಂದ ಹೊರದೂಡಲ್ಪಡುವ ವಿದ್ಯಮಾನವನ್ನು ಕುರಿತು ಕಾನೂನು ಮತ್ತು ಗಣಕವಿಜ್ಞಾನದ ವಿದ್ವಾಂಸರು ಸಾಕಷ್ಟು ಬರೆದಿದ್ದಾರೆ. ಭಾಷಾವಿಜ್ಞಾನಿಗಳು ಅದನ್ನು ತಮ್ಮ ವಿಷಯವೆಂದು ಭಾವಿಸಿರುವುದು ಕಡಿಮೆ. ಕನ್ನಡದಲ್ಲಂತೂ ತೀರ ಕಡಿಮೆ. ಈ ತಪ್ಪುಗಳನ್ನು ‘ತಾಂತ್ರಿಕ ದೋಷ’ ಎಂದು ಕರೆಯುವ ರೂಢಿಯನ್ನು ನಾವು ಒಪ್ಪುವುದಿಲ್ಲ. ಅವುಗಳ ಹಿಂದೆ ಪರೀಕ್ಷೆಗೊಳಗಾಗದ ಒಂದು ಭಾಷಾಸಿದ್ಧಾಂತವಿದೆ: ಪದರೂಪವೇ ಕೃತ್ಯ, ಕೃತ್ಯವೇ ವ್ಯಕ್ತಿ. ಈ ಎರಡು ಸಮೀಕರಣಗಳಲ್ಲಿ ಮೊದಲನೆಯದನ್ನು ಅಲ್ಲಗಳೆಯಲು ನಮ್ಮ ಶಾಸ್ತ್ರದ ಮೊದಲ ವರ್ಷದ ಪಾಠ ಸಾಕು. ಎರಡನೆಯದರಿಂದ ಆಗುವ ನಷ್ಟ ಹೆಚ್ಚು.

ಹೆಸರಿನೊಳಗಿನ ಬೈಗುಳ

1996ರಲ್ಲಿ ಇಂಗ್ಲೆಂಡಿನ ಸ್ಕನ್‌ಥೋರ್ಪ್ ಪಟ್ಟಣದ ನಿವಾಸಿಗಳಿಗೆ ಎಒಎಲ್ ಸೇವೆಯಲ್ಲಿ ಖಾತೆ ತೆರೆಯಲಾಗಲಿಲ್ಲ; ಊರಿನ ಹೆಸರಿನ ಇಂಗ್ಲಿಷ್ ಕಾಗುಣಿತದೊಳಗೆ ಒಂದು ಅಶ್ಲೀಲ ಪದ ಅಕ್ಷರಶಃ ಅಡಗಿತ್ತು. ಆ ಪಟ್ಟಣ ಇಂದು ಗಣಕವಿಜ್ಞಾನದ ಪಠ್ಯಗಳಲ್ಲಿ ಒಂದು ಸಮಸ್ಯೆಯ ಹೆಸರಾಗಿಬಿಟ್ಟಿದೆ. ಕಾಲು ಶತಮಾನ ಕಳೆದ ಮೇಲೂ ಪರಿಸ್ಥಿತಿ ಹೆಚ್ಚೇನೂ ಬದಲಾಗಿರಲಿಲ್ಲ: 2021ರ ಮಾರ್ಚಿಯಲ್ಲಿ ಫ್ರಾನ್ಸಿನ ಬಿಚ್ ಎಂಬ ಪಟ್ಟಣದ ಅಧಿಕೃತ ಪುಟವನ್ನು ಫೇಸ್‌ಬುಕ್ ತೆಗೆದುಹಾಕಿ, ಏಪ್ರಿಲಿನಲ್ಲಿ ಮರಳಿಸಿತು. ಅದೇ ವರ್ಷದ ಜನವರಿಯಲ್ಲಿ ಪ್ಲಿಮತ್ ನಗರದ ‘ಹೋ’ ಎಂಬ ಸಮುದ್ರತೀರದ ಹೆಸರನ್ನು ಬರೆದವರಿಗೆ ಎಚ್ಚರಿಕೆಗಳು ಬಂದಿದ್ದವು.

ಇವು ಸಣ್ಣ ಪದಗಳ, ಪದಗಳ ನಡುವೆ ಜಾಗ ಬಿಟ್ಟು ಬರೆಯುವ ಭಾಷೆಗಳ ಉದಾಹರಣೆಗಳು. ಸಮಾಸವೂ ಪ್ರತ್ಯಯವೂ ಹೆಚ್ಚಾಗಿರುವ ಭಾಷೆಗಳಲ್ಲಿ ಏನಾಗುತ್ತದೆಂಬುದನ್ನು ತಿಳಿಯಲು ಮ್ಯಾನ್ಮಾರಿನ 2017ರ ಪ್ರಸಂಗ ಹೆಚ್ಚು ಉಪಯುಕ್ತ. ಮುಸ್ಲಿಮರನ್ನೂ ದಕ್ಷಿಣ ಏಷ್ಯಾ ಮೂಲದವರನ್ನೂ ಹೀಗಳೆಯಲು ಬಳಕೆಯಾಗುತ್ತಿದ್ದ ‘ಕಲಾ’ ಎಂಬ ಬರ್ಮೀ ಪದದ ಮೇಲೆ ಫೇಸ್‌ಬುಕ್ ಕಣ್ಣಿಟ್ಟಿತು. ಉದ್ದೇಶ ಸರಿಯಾದದ್ದೇ, ಆ ದೇಶದಲ್ಲಿ ಆ ಪದದ ಹಿಂದೆ ರಕ್ತವಿತ್ತು. ಆದರೆ ಬರ್ಮೀ ಭಾಷೆಯಲ್ಲಿ ಕುರ್ಚಿಯನ್ನೂ ಬೇಳೆಯನ್ನೂ ಹೇಳುವ ಪದಗಳು ಇದೇ ಘಟಕದಿಂದ ಶುರುವಾಗುತ್ತವೆ. ಬೇಳೆಯ ಮಾತಾಡಿದವರ ಬರಹಗಳೂ ಅಳಿದುಹೋದವು. ಇತ್ತ ನಿಜವಾದ ದ್ವೇಷದ ಬರಹಗಳು ಉಳಿದೇ ಇದ್ದವು. ಮರುವರ್ಷ ರಾಯಿಟರ್ಸ್ ನಡೆಸಿದ ತನಿಖೆಯಲ್ಲಿ, ಕೊಲೆಗೆ ಕರೆಕೊಡುವ ಒಂದು ಬರ್ಮೀ ವಾಕ್ಯವನ್ನು ಯಂತ್ರಾನುವಾದವು ಕಾಮನಬಿಲ್ಲಿನ ಕುರಿತಾದ ಮಾತಾಗಿ ತಿರುಗಿಸಿದ್ದು ಬೆಳಕಿಗೆ ಬಂತು.

ಈ ಸಮಸ್ಯೆಯನ್ನು ಇಪ್ಪತ್ತನೆಯ ಶತಮಾನದ ಕೊನೆಯಲ್ಲಿ ಹುಟ್ಟಿದ್ದೆಂದು ಹೇಳುವುದು ನಮ್ಮ ಓದಿನ ಕೊರತೆ. ಭಾರತೀಯ ಅಲಂಕಾರಶಾಸ್ತ್ರವು ಅಶ್ಲೀಲವನ್ನು ಪದದೋಷವಾಗಿ ಚರ್ಚಿಸುವಾಗಲೇ ಇದನ್ನು ಎದುರಿಸಿತ್ತು. ‘ಭಗ’ ಎಂಬುದು ಗುಹ್ಯವಾಚಕ. ಹಾಗಾದರೆ ‘ಭಗಿನೀ’, ‘ಭಗವತೀ’ ಎಂಬ ಪದಗಳ ಗತಿಯೇನು? ದಂಡಿ ತನ್ನ ಕಾವ್ಯಾದರ್ಶದಲ್ಲಿ ಗ್ರಾಮ್ಯತೆಯನ್ನು ವಿವರಿಸುವ ಸಂದರ್ಭದಲ್ಲಿ, ಇಂಥವು ಎಲ್ಲೆಡೆಯೂ ಅಂಗೀಕೃತವೆಂದು ಒಂದೇ ಮಾತಿನಲ್ಲಿ ಪ್ರಶ್ನೆಯನ್ನು ಮುಗಿಸುತ್ತಾನೆ. ವಾಮನನು ಇನ್ನೂ ಮುಂದೆ ಹೋಗಿ, ಅಶ್ಲೀಲಾರ್ಥವು ಅಪ್ರಸಿದ್ಧವಾಗಿದ್ದಾಗ, ಲಕ್ಷಣೆಯಿಂದ ಬಂದಾಗ, ಲೋಕರೂಢಿಯಲ್ಲಿ ಮುಚ್ಚಿಹೋಗಿದ್ದಾಗ ಅದು ದೋಷವಲ್ಲವೆಂದು ವಿಭಾಗಿಸುತ್ತಾನೆ. ಕನ್ನಡದ ಮೊದಲ ಲಕ್ಷಣಗ್ರಂಥವಾದ ಕವಿರಾಜಮಾರ್ಗ ದಂಡಿಗೆ ಎಷ್ಟು ಋಣಿಯೆಂಬುದನ್ನು ಈ ಪತ್ರಿಕೆಯ ಓದುಗರಿಗೆ ಹೇಳಬೇಕಾಗಿಲ್ಲ. ಆ ಆಲಂಕಾರಿಕರು ದೋಷನಿರ್ಣಯಕ್ಕೆ ಅಕ್ಷರಸರಣಿಯನ್ನು ಮಾನದಂಡವಾಗಿ ಹಿಡಿಯಲಿಲ್ಲ, ಲೋಕದ ಬಳಕೆಯನ್ನು ಹಿಡಿದರು. ದೋಷವಿದ್ದಾಗಲೂ ಅವರು ತಿದ್ದಿದ್ದು ಪದ್ಯವನ್ನು, ಕವಿಯನ್ನು ಊರುಬಿಡಿಸಲಿಲ್ಲ.

‘ಸೂಳೆ’ ಪದಕ್ಕೆ ಮರಳೋಣ. ಅದರ ಇತಿಹಾಸ ಅರ್ಥಾಪಕರ್ಷಕ್ಕೆ ಕನ್ನಡದಲ್ಲಿ ದೊರೆಯುವ ಅತ್ಯಂತ ಸ್ಪಷ್ಟ ನಿದರ್ಶನಗಳಲ್ಲೊಂದು. ಬಾದಾಮಿ ಚಾಲುಕ್ಯರ ವಿಜಯಾದಿತ್ಯನ (696–733) ಕಾಲದ ಮಹಾಕೂಟದ ಶಾಸನವು ವಿನಾಪೋಟಿ ಎಂಬಾಕೆಯನ್ನು ಅರಸನ ಪ್ರಾಣವಲ್ಲಭೆಯೆಂದೂ ಸೂಳೆಯೆಂದೂ ಹೆಸರಿಸುತ್ತದೆ; ಹೆಸರಿಸುವಾಗ ಗೌರವಾರ್ಥದ ಬಹುವಚನವನ್ನು ಬಳಸುತ್ತದೆ. ಆಕೆ ಅಲ್ಲಿಯ ದೇವರಿಗೆ ಮಾಣಿಕ್ಯಪೀಠವನ್ನೂ ಬೆಳ್ಳಿಯ ಕೊಡೆಯನ್ನೂ ಭೂಮಿಯನ್ನೂ ಕೊಟ್ಟ ದಾನಿ. ಹನ್ನೆರಡನೆಯ ಶತಮಾನದ ವಚನಕಾರ್ತಿಯರಲ್ಲಿ ಸೂಳೆ ಸಂಕವ್ವೆಯಿದ್ದಾಳೆ. ಸಾಹಿತ್ಯ ಚರಿತ್ರೆ ಆಕೆಯನ್ನು ಬೇರೆ ಹೆಸರಿನಿಂದ ಗುರುತಿಸುವುದಿಲ್ಲ. ಚನ್ನಗಿರಿ ತಾಲ್ಲೂಕಿನ ಸೂಳೆಕೆರೆಗೆ ಶಾಂತಿಸಾಗರವೆಂಬ ಶಿಷ್ಟನಾಮವಿದ್ದರೂ ಸುತ್ತಲಿನ ರೈತರು ಕರೆಯುವುದು ಸೂಳೆಕೆರೆಯೆಂದೇ. ಆ ಕೆರೆಯ ಐತಿಹ್ಯ ನಮ್ಮ ವಾದಕ್ಕೆ ಬಹಳ ಹತ್ತಿರದ್ದು: ಕೆರೆ ಕಟ್ಟಲು ಬೇಕಾದ ನೆಲ ಸೂಳೆಯರದಾಗಿತ್ತು, ಕೆರೆಗೆ ತಮ್ಮ ಹೆಸರಿಡಬೇಕೆಂಬ ಷರತ್ತಿನ ಮೇಲೆ ಅವರು ನೆಲ ಬಿಟ್ಟುಕೊಟ್ಟರು. ಐತಿಹ್ಯ ನಿಜವೋ ಅಲ್ಲವೋ, ಅದನ್ನು ಕಟ್ಟಿದ ಜನಕ್ಕೆ ಆ ಹೆಸರು ನೆಲದ ಬೆಲೆಗೆ ಸಮನಾದ ಮರ್ಯಾದೆಯಾಗಿತ್ತು ಎಂಬುದಂತೂ ಅದರಿಂದ ತಿಳಿಯುತ್ತದೆ.

ಕನ್ನಡ ವ್ಯಾಕರಣ ಪರಂಪರೆ ನಾಮಪದಗಳನ್ನು ರೂಢನಾಮ, ಅನ್ವರ್ಥನಾಮ, ಅಂಕಿತನಾಮಗಳೆಂದು ವಿಂಗಡಿಸುತ್ತದೆ. ಶಾಲೆಯಲ್ಲಿ ಬಾಯಿಪಾಠವಾಗಿ ಕಲಿತು ಮರೆತ ಈ ವಿಂಗಡಣೆ ಇಲ್ಲಿ ಕೆಲಸಕ್ಕೆ ಬರುತ್ತದೆ. ‘ಸೂಳೆ’ ರೂಢನಾಮ; ‘ಸೂಳೆ ಬಜಾರ್’, ‘ಸೂಳೆಕೆರೆ’ ಅಂಕಿತನಾಮಗಳು. ಅಂಕಿತವಾದೊಡನೆ ಪದವು ವರ್ಣಿಸುವುದನ್ನು ಬಿಟ್ಟು ಗುರುತಿಸತೊಡಗುತ್ತದೆ. ಸೂಳೆಕೆರೆ ತುಂಬಿತೆಂದು ಬರೆಯುವ ರೈತ ಯಾರನ್ನೂ ಏನೆಂದೂ ಕರೆಯುತ್ತಿಲ್ಲ. ಕನ್ನಡದ ಕುರಿತು ಕೆಲಸ ಮಾಡುವ ಯಾವುದೇ ವರ್ಗೀಕಾರಕವು ಮೊದಲು ಕೇಳಬೇಕಾದ ಪ್ರಶ್ನೆ ಈ ಮೂರರಲ್ಲಿ ಇದು ಯಾವುದೆಂಬುದು. ಪದಪಟ್ಟಿಯ ಶೋಧಕವು ಆ ಪ್ರಶ್ನೆಯನ್ನು ಕೇಳುವುದೇ ಇಲ್ಲ.

ರೋಮನ್ ಲಿಪಿಗೆ ಬಂದರೆ ಗೊಂದಲ ಇಮ್ಮಡಿಸುತ್ತದೆ. ಹೊಸಪೇಟೆ, ಸಂಡೂರು, ಕಂಪ್ಲಿಗಳ ಯುವಕರು ಕೈಫೋನಿನಲ್ಲಿ ಕನ್ನಡವನ್ನು ಬಹುಮಟ್ಟಿಗೆ ರೋಮನ್ ಅಕ್ಷರಗಳಲ್ಲೇ ಬರೆಯುತ್ತಾರೆ. ಅಲ್ಲಿ ಹ್ರಸ್ವ-ದೀರ್ಘ ಭೇದ ಉಳಿಯುವುದಿಲ್ಲ, ಲಕಾರ-ಳಕಾರ ಒಂದಾಗುತ್ತವೆ. ಈ ಭಾಗದ ಆಡುಮಾತಿನಲ್ಲಿ ಪದಾಂತ್ಯದ ಎಕಾರ ಇಕಾರವಾಗುವುದರಿಂದ (ಮನೆ-ಮನಿ, ಎಣ್ಣೆ-ಎಣ್ಣಿ) ಒಂದೇ ಪದಕ್ಕೆ ಇನ್ನೆರಡು ಕಾಗುಣಿತಗಳು ಸೇರಿಕೊಳ್ಳುತ್ತವೆ. ಹೀಗೆ ಭೇದ ಕಳೆದುಕೊಂಡ ‘ಸೂಳೆ’ಯ ರೋಮನ್ ರೂಪವು ಮರಾಠಿಯ ಒಂದು ಪರಿಚಿತ ಮನೆತನದ ಹೆಸರೂ ಹೌದು, ಹೌಸಾ ಭಾಷಿಕರಲ್ಲಿ ಗಂಡಸರ ಹೆಸರೂ ಹೌದು, ತುರ್ಕಿಯಲ್ಲಿ ಚಿಹ್ನೆ ಬಿಟ್ಟು ಬರೆದರೆ ಹೆಂಗಸರ ಹೆಸರೂ ಹೌದು. ಬಿಗಿಯಾದ ಪಟ್ಟಿ ಇವರೆಲ್ಲರನ್ನೂ ಹಿಡಿಯುತ್ತದೆ. ಬೈಯಬೇಕೆಂದಿರುವವನು ಒಂದು ಅಕ್ಷರವನ್ನು ನಕ್ಷತ್ರಚಿಹ್ನೆಯಾಗಿ ಬದಲಿಸಿ ದಾಟಿಕೊಳ್ಳುತ್ತಾನೆ.

‘ಹೊಡೆ’ ಮತ್ತು ‘ಸಾಯಿ’

ನಾಮಪದಗಳಿಗಿಂತ ಕ್ರಿಯಾಪದಗಳ ಸಂಗತಿ ಕಷ್ಟದ್ದು. ಬೆದರಿಕೆಯನ್ನು ಗುರುತಿಸುವ ವ್ಯವಸ್ಥೆಗಳು ಸಹಜವಾಗಿಯೇ ಹೊಡೆ, ಕಡಿ, ಕೊಲ್ಲು, ಸುಡು, ಸಾಯಿ ಎಂಬ ಧಾತುಗಳ ಮೇಲೆ ಭಾರ ಹಾಕುತ್ತವೆ. ಆಡುಗನ್ನಡದಲ್ಲಿ ‘ಹೊಡೆ’ ಎಂಬುದು ಬಹುತೇಕ ಸಹಾಯಕ ಕ್ರಿಯಾಪದದ ಅವಸ್ಥೆಗೆ ಇಳಿದಿದೆ. ಗೋಡೆಗೆ ಬಣ್ಣ ಹೊಡೆಯುತ್ತಾರೆ, ಗೊರಕೆ ಹೊಡೆಯುತ್ತಾರೆ, ಪರೀಕ್ಷೆಯಲ್ಲಿ ಕಾಪಿ ಹೊಡೆಯುತ್ತಾರೆ, ಬೈಕಿಗೆ ಕಿಕ್ ಹೊಡೆಯುತ್ತಾರೆ. ಕಂಪ್ಲಿಯ ಭತ್ತದ ಗದ್ದೆಯಲ್ಲಿ ‘ಎಣ್ಣಿ ಹೊಡಿಬೇಕು’ ಎಂದರೆ ಕೀಟನಾಶಕ ಸಿಂಪಡಿಸಬೇಕೆಂದು. ಅದೇ ಮಾತು ಸಂಜೆ ಗೆಳೆಯರ ನಡುವೆ ಬಂದರೆ ಮದ್ಯಪಾನದ ಆಹ್ವಾನ. ‘ಗುಂಡು ಹೊಡೆಯೋಣ’ ಎಂಬುದೂ ಹಾಗೆಯೇ: ಪದಕೋಶದಲ್ಲಿ ಹುಡುಕಿದವರಿಗೆ ಬಂದೂಕು ಕಾಣುತ್ತದೆ, ಹೊಸಪೇಟೆಯವರಿಗೆ ಗ್ಲಾಸು. ಕಬ್ಬು ಕಡಿಯುವ ಆಳುಗಳನ್ನು ಗೊತ್ತುಮಾಡುವ ಸಂದೇಶದಲ್ಲಿ ‘ನಾಳೆ ಬೆಳಿಗ್ಗೆ ಹತ್ತು ಮಂದಿ ಬರ್ರಿ, ಕಡಿದು ಹಾಕೋಣ’ ಎಂದಿದ್ದರೆ, ಕರ್ಮಪದ ಲೋಪವಾಗಿರುವ ಆ ವಾಕ್ಯವನ್ನು ಸಂದರ್ಭದ ನೆರವಿಲ್ಲದೆ ಓದುವ ಯಂತ್ರಕ್ಕೆ ಹತ್ತು ಮಂದಿ ಸೇರಿ ಏನನ್ನು ಕಡಿಯುತ್ತಾರೆಂದು ತಿಳಿಯಲು ದಾರಿಯಿಲ್ಲ. ಕನ್ನಡ ಕರ್ತೃಕರ್ಮಗಳನ್ನು ಧಾರಾಳವಾಗಿ ಬಿಡುವ ಭಾಷೆ. ಬಿಟ್ಟದ್ದನ್ನು ಕೇಳುಗನ ಲೋಕಜ್ಞಾನ ತುಂಬಬೇಕು. ಸಂಡೂರಿನ ಗಣಿಗಳ ಸಿಡಿಮದ್ದೂ ಅಜ್ಜಿಯ ಮನೆಮದ್ದೂ ಒಂದೇ ‘ಮದ್ದು’ ಎಂಬುದನ್ನು ಇಲ್ಲಿ ಸೂಚಿಸಿ ಮುಂದೆ ಹೋಗುತ್ತೇವೆ.

‘ಸಾಯಿ’ ಇನ್ನೂ ವಿಚಿತ್ರ. ಅದು ‘ಸಾಯ್’ ಧಾತುವಿನ ಆಜ್ಞಾರ್ಥಕ ಏಕವಚನ; ಶಿರಡಿಯ ಬಾಬಾ ಅವರ ಹೆಸರೂ ಹೌದು; ಆ ಹೆಸರಿನ ಮಕ್ಕಳು, ಅಂಗಡಿಗಳು, ಹೋಟೆಲುಗಳು ಪ್ರತಿ ಬೀದಿಯಲ್ಲಿವೆ. ಮನುಷ್ಯ ಓದುಗನಿಗೆ ಇಲ್ಲಿ ಒಂದು ಕ್ಷಣದ ಸಂದೇಹವೂ ಹುಟ್ಟುವುದಿಲ್ಲ. ಅದೇ ಧಾತು ಆಡುಮಾತಿನಲ್ಲಿ ಅತಿಶಯಕ್ಕೂ ಬರುತ್ತದೆ: ನಕ್ಕು ನಕ್ಕು ಸತ್ತೆ, ಬಿಸಿಲಿಗೆ ಸತ್ತೋದೆ. ಆಸ್ಟಿನ್ ತನ್ನ 1962ರ ಪುಸ್ತಕದಲ್ಲಿ ಹೇಳಿದ ಉಕ್ತಿ ಮತ್ತು ಉಕ್ತಿಯಿಂದ ನಡೆಯುವ ಕೃತ್ಯಗಳ ಭೇದವನ್ನು ನಾವು ಪ್ರತಿವರ್ಷ ವಿದ್ಯಾರ್ಥಿಗಳಿಗೆ ಕಲಿಸುತ್ತೇವೆ. ಪದರೂಪವನ್ನು ತೂಗುವ ಶೋಧಕದ ಕೈಗೆ ಸಿಕ್ಕುವುದು ಉಕ್ತಿ ಮಾತ್ರ; ಅದು ಶಿಕ್ಷೆ ಕೊಡುವುದು ಕೃತ್ಯಕ್ಕೆ.

ಉಲ್ಲೇಖದ ಸಮಸ್ಯೆಯನ್ನು ಇದೇ ಸಾಲಿನಲ್ಲಿ ನೋಡಬೇಕು. 2019ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟಿನ ಹಿರಿಯ ವಕೀಲರಾದ ಸಂಜಯ್ ಹೆಗ್ಡೆಯವರ ಟ್ವಿಟರ್ ಖಾತೆ ಅಮಾನತುಗೊಂಡಿತು. ಮೊದಲ ಕಾರಣ, ನಾಜಿ ವಂದನೆ ಸಲ್ಲಿಸಲು ನಿರಾಕರಿಸಿ ಕೈಕಟ್ಟಿ ನಿಂತ ಅಗಸ್ಟ್ ಲಾಂಡ್‌ಮೆಸ್ಸರ್‌ನ ಛಾಯಾಚಿತ್ರ. ನಾಜಿಗಳನ್ನು ವಿರೋಧಿಸಿದ ಚಿತ್ರವನ್ನು ದ್ವೇಷದ ಚಿತ್ರವೆಂದು ಎಣಿಸಲಾಯಿತು. ಎರಡನೆಯದು, ಗೋರಖ್ ಪಾಂಡೆಯವರ ಹಿಂದಿ ಕವಿತೆಯೊಂದನ್ನು ಹಂಚಿಕೊಂಡದ್ದು. ಗಲ್ಲುಶಿಕ್ಷೆಯನ್ನು ಪ್ರತಿಭಟಿಸಿ ಬರೆದ ಆ ಕವಿತೆಯ ಶೀರ್ಷಿಕೆ ಗಲ್ಲಿಗೇರಿಸಿ ಎಂಬ ಆಜ್ಞಾರ್ಥಕದಲ್ಲಿದೆ. ವ್ಯಂಗ್ಯ ಎಂಬುದೊಂದು ಅಲಂಕಾರವಿದೆಯೆಂದು ತಿಳಿಯದ ಓದುಗನಿಗೆ ಅದು ಬೆದರಿಕೆ. ಹೆಗ್ಡೆಯವರು ದೆಹಲಿ ಉಚ್ಚ ನ್ಯಾಯಾಲಯದ ಮೊರೆ ಹೋದರು; ಅದು ಅವರಿಗೆ ಸಾಧ್ಯವಿತ್ತು.

ದತ್ತಾಂಶದ ಮಿತಿಗಳು

ಕಂಪನಿಗಳು ತಮ್ಮ ಪದಪಟ್ಟಿಗಳನ್ನೂ ಕನ್ನಡದ ತರಬೇತಿ ದತ್ತಾಂಶವನ್ನೂ ಪ್ರಕಟಿಸುವುದಿಲ್ಲ. ಆದುದರಿಂದ ವಿಮರ್ಶೆಗೆ ದೊರೆಯುವುದು ಸಂಶೋಧಕರು ಬಹಿರಂಗವಾಗಿ ಇಟ್ಟಿರುವ ದತ್ತಾಂಶ ಮಾತ್ರ. ಹಂದೆ, ಪ್ರಿಯದರ್ಶಿನಿ ಮತ್ತು ಚಕ್ರವರ್ತಿ 2020ರಲ್ಲಿ ಪ್ರಕಟಿಸಿದ ಕನ್ನಡ ನುಡಿಬೆರಕೆಯ ದತ್ತಾಂಶ ಅಂಥದ್ದು: ಯೂಟ್ಯೂಬಿನಿಂದ ಸಂಗ್ರಹಿಸಿದ 7 ಸಾವಿರಕ್ಕೂ ಹೆಚ್ಚು ಪ್ರತಿಕ್ರಿಯೆಗಳು, ನಿಂದನೆಯನ್ನು ಗುರುತಿಸಲು ಆರು ವರ್ಗಗಳು. ಏನೂ ಇಲ್ಲದ ಕಡೆ ಒಂದು ನೆಲೆಯನ್ನು ಕಟ್ಟಿದ ಆ ಶ್ರಮವನ್ನು ನಾವು ಗೌರವಿಸುತ್ತೇವೆ; ನಮ್ಮ ವಿಭಾಗಗಳು ಮಾಡಬೇಕಾಗಿದ್ದ ಕೆಲಸವನ್ನು ಅವರು ಮಾಡಿದರು.

ಆದರೂ ಆ ವರ್ಗೀಕರಣದಲ್ಲಿ ಭಾಷಾವಿಜ್ಞಾನಿಗೆ ಕಾಣುವ ಕೊರತೆಗಳಿವೆ. ನಿಂದನೆಯಲ್ಲದ್ದು, ಗುರಿಯಿಲ್ಲದ ನಿಂದನೆ, ವ್ಯಕ್ತಿಯನ್ನು ಅಥವಾ ಗುಂಪನ್ನು ಅಥವಾ ಇತರವನ್ನು ಗುರಿಯಾಗಿಸಿದ ನಿಂದನೆ, ಕನ್ನಡವಲ್ಲದ್ದು: ಈ ವಿಂಗಡಣೆ ಇಂಗ್ಲಿಷ್ ಟ್ವೀಟುಗಳಿಗಾಗಿ 2019ರಲ್ಲಿ ರೂಪಿಸಿದ ಶ್ರೇಣಿಯನ್ನು ಅನುಸರಿಸುತ್ತದೆ. ಬೈಗುಳವನ್ನು ಬಳಸುವುದಕ್ಕೂ ಉಲ್ಲೇಖಿಸುವುದಕ್ಕೂ ಇರುವ ವ್ಯತ್ಯಾಸಕ್ಕೆ ಅಲ್ಲಿ ಪ್ರತ್ಯೇಕ ಗುರುತಿಲ್ಲ. ಅಂಕಿತನಾಮಕ್ಕೆ ಗುರುತಿಲ್ಲ. ಸಲುಗೆಯ ಬೈಗುಳಕ್ಕೂ ಇಲ್ಲ. ಈ ಭಾಗದಲ್ಲಿ ಗೆಳೆಯನನ್ನು ‘ಲೇ ಮಗನ’ ಎಂದು ಕರೆಯುವುದು ಜಗಳದ ಆರಂಭವೂ ಆಗಬಹುದು, ಹತ್ತು ವರ್ಷಗಳ ಸ್ನೇಹದ ಗುರುತೂ ಆಗಬಹುದು. ಮೈಸೂರು ಸೀಮೆಯ ಗುರುತುಗಾರನಿಗೆ ಅದು ಒರಟಾಗಿ ಕೇಳಿಸಿದರೆ ತಪ್ಪು ಅವನದಲ್ಲ, ಅವನೊಬ್ಬನನ್ನೇ ಕೇಳಿದವರದ್ದು. ಉಪಭಾಷೆಯ ಅರಿವಿಲ್ಲದ ಗುರುತುಗಾರಿಕೆ ಏನು ಮಾಡುತ್ತದೆಂಬುದಕ್ಕೆ ಸ್ಯಾಪ್ ಮತ್ತು ಸಂಗಡಿಗರ 2019ರ ಅಧ್ಯಯನವೇ ಸಾಕ್ಷಿ: ಆಫ್ರಿಕನ್-ಅಮೆರಿಕನ್ ಇಂಗ್ಲಿಷಿನ ಬರಹಗಳು ನಿಂದನೆಯೆಂದು ಗುರುತಿಸಲ್ಪಡುವ ಸಂಭವ ಹೆಚ್ಚಾಗಿತ್ತು, ಬರಹದ ಉಪಭಾಷೆ ಯಾವುದೆಂದು ಮೊದಲೇ ಸೂಚಿಸಿದಾಗ ಗುರುತುಗಾರರ ತೀರ್ಪು ಮೃದುವಾಯಿತು.

ಇದೇ ಬಗೆಯ ದತ್ತಾಂಶವನ್ನು ಆಧರಿಸಿ 2021ರಲ್ಲಿ ದ್ರಾವಿಡ ಭಾಷೆಗಳ ನಿಂದನೆ-ಪತ್ತೆಯ ಸಾಮೂಹಿಕ ಸ್ಪರ್ಧೆ ನಡೆಯಿತು. ಕನ್ನಡದಲ್ಲಿ ಅತ್ಯುತ್ತಮ ವ್ಯವಸ್ಥೆ ಪಡೆದ ಎಫ್1 ಅಂಕ 0.75, ಮಲಯಾಳದಲ್ಲಿ 0.97. ಸಂಶೋಧನಾ ಲೇಖನವೊಂದಕ್ಕೆ 0.75 ಗೌರವಾರ್ಹ ಅಂಕ. ಅದು ಒಬ್ಬನ ಮನೆಯ ಬೀಗದ ಕೈಯನ್ನು ಕಿತ್ತುಕೊಳ್ಳುವ ಅಧಿಕಾರಿಯ ಅಂಕವಾದರೆ ನಾವು ಬೇರೆ ರೀತಿಯಲ್ಲಿ ಯೋಚಿಸಬೇಕಾಗುತ್ತದೆ.

ಅನುವಾದದ ಮೂಲಕ ತೀರ್ಪು

ಕನ್ನಡ ಬರಹವನ್ನು ಇಂಗ್ಲಿಷಿಗೆ ತಿರುಗಿಸಿ, ಇಂಗ್ಲಿಷಿನಲ್ಲಿ ತೂಗಿದರೆ ಸಮಸ್ಯೆ ಪರಿಹಾರವಾಗುವುದೆಂಬ ನಂಬಿಕೆಯೊಂದಿದೆ. ಅದಕ್ಕೆ 2025ರ ಜುಲೈ ಒಂದು ಉತ್ತರ ಕೊಟ್ಟಿತು. ಹಿರಿಯ ನಟಿ ಬಿ. ಸರೋಜಾದೇವಿಯವರು ತೀರಿಕೊಂಡಾಗ ಅವರ ಅಂತಿಮ ದರ್ಶನ ಪಡೆದ ಮುಖ್ಯಮಂತ್ರಿ ಸಿದ್ದರಾಮಯ್ಯನವರ ಕುರಿತ ಕನ್ನಡ ಬರಹವನ್ನು ಮೆಟಾ ಸಂಸ್ಥೆಯ ಸ್ವಯಂ-ಅನುವಾದವು ಮುಖ್ಯಮಂತ್ರಿಯೇ ತೀರಿಕೊಂಡರೆಂಬಂತೆ ಇಂಗ್ಲಿಷಿಗೆ ತಂದಿತು. ಪತ್ರಿಕೆಗಳು ಇದನ್ನು ನಗೆಪಾಟಲಾಗಿಸಿದವು. ನಮಗೆ ಅದೊಂದು ವಾಕ್ಯರಚನೆಯ ಪಾಠ. ‘ಅಧ್ಯಕ್ಷರು ನಿನ್ನೆ ತೀರಿಕೊಂಡ ಕಲಾವಿದೆಯ ದರ್ಶನ ಪಡೆದರು’ ಎಂಬ ನಮ್ಮದೇ ವಾಕ್ಯವನ್ನು ತೆಗೆದುಕೊಳ್ಳೋಣ. ‘ತೀರಿಕೊಂಡ’ ಎಂಬ ಕೃದಂತ ವಿಶೇಷಣವು ತನ್ನ ವಿಶೇಷ್ಯವನ್ನು ಮುಂದೆ ಹುಡುಕುತ್ತದೆ; ಕನ್ನಡದಲ್ಲಿ ವಿಶೇಷಣ ವಾಕ್ಯಗಳು ಎಡಕ್ಕೇ ಕವಲೊಡೆಯುತ್ತವೆ. ಇಂಗ್ಲಿಷಿನ ಅಭ್ಯಾಸದಿಂದ ಓದುವ ಯಂತ್ರವು ಹಿಂದೆ ನೋಡಿತು, ಹಿಂದೆ ಕರ್ತೃ ಸಿಕ್ಕಿತು, ಅವರನ್ನೇ ಸಾಯಿಸಿತು. ಕೃದಂತವನ್ನು ಪೂರ್ಣಕ್ರಿಯಾಪದದಿಂದ ಪ್ರತ್ಯೇಕಿಸುವುದು ಕೊನೆಯ ಒಂದು ಪ್ರತ್ಯಯ.

ಮುಖ್ಯಮಂತ್ರಿಗಳು ಬಹಿರಂಗವಾಗಿ ಆಕ್ಷೇಪಿಸಿದರು, ಅವರ ಮಾಧ್ಯಮ ಸಲಹೆಗಾರರು ಪತ್ರ ಬರೆದರು, ಸಂಸ್ಥೆ ಕ್ಷಮೆ ಕೇಳಿ ಸರಿಪಡಿಸಿತು. ಕನ್ನಡವನ್ನು ಇಂಗ್ಲಿಷಿನ ಮೂಲಕ ಓದಿ ತೀರ್ಪು ಕೊಡುವ ಯಾವುದೇ ನಿಯಂತ್ರಣ ವ್ಯವಸ್ಥೆ ಇದೇ ದೋಷವನ್ನು ಒಳಗಿಟ್ಟುಕೊಂಡಿರುತ್ತದೆ. ಆದರೆ ಅಲ್ಲಿ ತಪ್ಪಾದ ಅನುವಾದ ಯಾರ ಕಣ್ಣಿಗೂ ಬೀಳುವುದಿಲ್ಲ. ಕಾಣುವುದು ಮುಚ್ಚಿದ ಖಾತೆ ಮಾತ್ರ. ಆಂಗ್ಲೇತರ ಭಾಷೆಗಳ ವಿಷಯ ವಿಶ್ಲೇಷಣೆಯನ್ನು ಕುರಿತ ಸೆಂಟರ್ ಫಾರ್ ಡೆಮಾಕ್ರಸಿ ಅಂಡ್ ಟೆಕ್ನಾಲಜಿಯ 2023ರ ವರದಿಯು, ಬಹುಭಾಷಾ ಮಾದರಿಗಳು ಇಂಗ್ಲಿಷಿನ ಪೂರ್ವಗ್ರಹಿಕೆಗಳನ್ನು ಇತರ ಭಾಷೆಗಳಿಗೆ ಸಾಗಿಸುತ್ತವೆಂದು ಎಚ್ಚರಿಸಿದ್ದು ಇದೇ ಅರ್ಥದಲ್ಲಿ.

ಪದದಿಂದ ವ್ಯಕ್ತಿಗೆ

ಇಲ್ಲಿ ನಮಗೆ ಎದುರಾಗಬಹುದಾದ ಆಕ್ಷೇಪವನ್ನು ಮರೆಸುವಂತಿಲ್ಲ. ನಾವು ಇಷ್ಟು ಹೊತ್ತು ಶಾಸನ, ಸ್ಥಳನಾಮಗಳ ನೆರವಿನಿಂದ ಸಮರ್ಥಿಸಿದ ಪದವನ್ನು ಇಂದು ಜಾಲತಾಣಗಳಲ್ಲಿ ಬರೆಯುವ ಹೆಣ್ಣುಮಕ್ಕಳ ಮೇಲೆ ಪ್ರತಿದಿನ ಎಸೆಯಲಾಗುತ್ತಿದೆ. ವಿನಾಪೋಟಿಯ ಶಾಸನ ಅವರಿಗೆ ಯಾವ ರಕ್ಷಣೆಯನ್ನೂ ಕೊಡುವುದಿಲ್ಲ. ನಿಯಂತ್ರಣವೇ ಬೇಡವೆನ್ನುವ ವಾದ ನಮ್ಮದಲ್ಲ. ಆ ಪದ ಕಂಡಾಗ ಯಂತ್ರ ನಿಂತು ನೋಡುವುದು ಸರಿಯೆಂದೇ ನಮ್ಮ ಅಭಿಪ್ರಾಯ. ನಮ್ಮ ತಕರಾರು ಮುಂದಿನ ಹೆಜ್ಜೆಯ ಕುರಿತು. ಪದದ ಮೇಲಿನ ಸಂದೇಹಕ್ಕೆ ಬರಹವನ್ನು ತಡೆಹಿಡಿದರೆ ನಷ್ಟ ಒಂದು ಬರಹದ್ದು. ಖಾತೆಯನ್ನೇ ಮುಚ್ಚಿದರೆ ಆ ವ್ಯಕ್ತಿ ಹಿಂದೆ ಬರೆದದ್ದೆಲ್ಲವೂ, ಮುಂದೆ ಬರೆಯಬಹುದಾದದ್ದೆಲ್ಲವೂ, ಖಾತೆಗೆ ಕಟ್ಟಿಕೊಂಡ ಗಿರಾಕಿಗಳೂ ಪರಿಚಯಗಳೂ ಒಟ್ಟಿಗೆ ಹೋಗುತ್ತವೆ. ಹಂಪಿಯಂಥ ಊರಿನಲ್ಲಿ ತಂಗುಮನೆ ನಡೆಸುವವರಿಗೂ ಮಾರ್ಗದರ್ಶಿಗಳಿಗೂ ಖಾತೆಯೆಂದರೆ ಅಂಗಡಿಯ ಬಾಗಿಲು.

ಈ ಜಿಗಿತಕ್ಕೆ ಭಾಷೆಯಾಚೆಯ ನಿದರ್ಶನಗಳೂ ಇವೆ. ಸ್ಯಾನ್ ಫ್ರಾನ್ಸಿಸ್ಕೋದ ತಂದೆಯೊಬ್ಬರು 2021ರಲ್ಲಿ ವೈದ್ಯರಿಗೆ ತೋರಿಸಲು ತೆಗೆದ ಮಗುವಿನ ಚಿತ್ರದಿಂದಾಗಿ ತಮ್ಮ ಗೂಗಲ್ ಖಾತೆಯನ್ನು ಕಳೆದುಕೊಂಡರು. ಪೊಲೀಸರು ನಿರಪರಾಧಿಯೆಂದ ಮೇಲೂ ಖಾತೆ ಮರಳಲಿಲ್ಲವೆಂದು ನ್ಯೂಯಾರ್ಕ್ ಟೈಮ್ಸ್ ಮರುವರ್ಷ ವರದಿ ಮಾಡಿತು. ಗುಜರಾತಿನ ಎಂಜಿನಿಯರೊಬ್ಬರು ಬಾಲ್ಯದಲ್ಲಿ ಅಜ್ಜಿ ತಮಗೆ ಸ್ನಾನ ಮಾಡಿಸುತ್ತಿದ್ದ ಚಿತ್ರವನ್ನು ಸಂಗ್ರಹಿಸಿಟ್ಟು ಇದೇ ಗತಿಗೆ ಒಳಗಾದರು. 2024ರಲ್ಲಿ ಅಲ್ಲಿಯ ಉಚ್ಚ ನ್ಯಾಯಾಲಯ ಕಂಪನಿಗೆ ನೋಟಿಸು ಕೊಡಬೇಕಾಯಿತು. ಅಜ್ಜಿ ಮೊಮ್ಮಗನಿಗೆ ಎರೆಯುವುದರಲ್ಲಿ ಅಪರಾಧ ಕಂಡ ದೃಷ್ಟಿಯೂ ಸೂಳೆಕೆರೆಯಲ್ಲಿ ಬೈಗುಳ ಕಂಡ ದೃಷ್ಟಿಯೂ ಒಂದೇ.

ಕಾನೂನು ಈ ವ್ಯತ್ಯಾಸವನ್ನು ಅರ್ಧ ಮಾತ್ರ ಗುರುತಿಸಿದೆ. ಭಾರತದ 2021ರ ಮಾಹಿತಿ ತಂತ್ರಜ್ಞಾನ ನಿಯಮಗಳಲ್ಲಿ 4(8)ನೆಯ ನಿಯಮವು, ದೊಡ್ಡ ಜಾಲತಾಣವು ಸ್ವಇಚ್ಛೆಯಿಂದ ಏನನ್ನಾದರೂ ತೆಗೆಯುವ ಮೊದಲು ಬಳಕೆದಾರನಿಗೆ ಕಾರಣ ತಿಳಿಸಿ ಆಕ್ಷೇಪಕ್ಕೆ ಅವಕಾಶ ಕೊಡಬೇಕೆನ್ನುತ್ತದೆ. ಆ ನಿಯಮದ ಕರ್ಮಪದವನ್ನು ಗಮನಿಸಬೇಕು: ಮಾಹಿತಿ, ದತ್ತಾಂಶ, ಸಂವಹನ ಕೊಂಡಿ. ಖಾತೆ ಎಂಬ ಪದ ಅಲ್ಲಿಲ್ಲ. ಕಾರಣವನ್ನು ಯಾವ ಭಾಷೆಯಲ್ಲಿ ತಿಳಿಸಬೇಕೆಂಬ ಮಾತೂ ಇಲ್ಲ. 2022ರ ತಿದ್ದುಪಡಿಯು ಬಳಕೆಯ ಷರತ್ತುಗಳನ್ನು ಸಂವಿಧಾನದ ಎಂಟನೆಯ ಅನುಸೂಚಿಯ ಭಾಷೆಗಳಲ್ಲಿ ಒದಗಿಸುವ ಮಾತಾಡಿತು. ಮೇಲ್ಮನವಿ ಸಮಿತಿಗಳಿಗೂ ದಾರಿ ಮಾಡಿತು. ಷರತ್ತು ಕನ್ನಡದಲ್ಲಿ, ಶಿಕ್ಷೆಯ ಕಾರಣ ಇಂಗ್ಲಿಷಿನಲ್ಲಿ ಎಂಬುದು ವಿಚಿತ್ರ ಏರ್ಪಾಡು. ಇದೇ ನಿಯಮಗಳ ಅಡಿಯಲ್ಲಿ ವಾಟ್ಸ್‌ಆ್ಯಪ್ ಪ್ರಕಟಿಸಿದ ವರದಿಯಂತೆ 2024ರ ಜನವರಿ ಒಂದೇ ತಿಂಗಳಲ್ಲಿ ಭಾರತದಲ್ಲಿ 67 ಲಕ್ಷಕ್ಕೂ ಹೆಚ್ಚು ಖಾತೆಗಳು ನಿಷೇಧಗೊಂಡವು. ಅಲ್ಲಿಯ ಶೋಧ ವರ್ತನೆಯ ಮೇಲೆ ನಡೆಯುತ್ತದೆ, ಪದಗಳ ಮೇಲಲ್ಲ, ನಿಜ. ಆದರೂ ಇಂಥ ಲೆಕ್ಕಗಳಲ್ಲಿ ಭಾಷಾವಾರು ಕಂಬಸಾಲು ಇಲ್ಲದಿರುವುದು ಕಣ್ಣಿಗೆ ಬೀಳುತ್ತದೆ. ಯೂರೋಪಿನ ಡಿಜಿಟಲ್ ಸೇವಾ ಕಾಯಿದೆ ಅತಿದೊಡ್ಡ ಜಾಲತಾಣಗಳಿಂದ, ಒಕ್ಕೂಟದ ಪ್ರತಿ ಅಧಿಕೃತ ಭಾಷೆಗೆ ಎಷ್ಟು ಮಂದಿ ಪರಿಶೀಲಕರಿದ್ದಾರೆ, ಯಂತ್ರದ ನಿಖರತೆ ಎಷ್ಟು ಎಂಬ ಲೆಕ್ಕವನ್ನು ಕೇಳುತ್ತದೆ. ಸುಮಾರು ಐದು ಲಕ್ಷ ಜನರ ಮಾಲ್ಟೀಸ್ ಭಾಷೆಗೆ ಆ ಲೆಕ್ಕ ಉಂಟು. 2011ರ ಜನಗಣತಿಯಂತೆ 4 ಕೋಟಿ 37 ಲಕ್ಷ ಜನರ ಮಾತೃಭಾಷೆಯಾದ ಕನ್ನಡಕ್ಕೆ ಅಂಥ ಲೆಕ್ಕ ಕೇಳುವ ಕಾಯಿದೆ ಇಲ್ಲ.

ನಮ್ಮ ಶಿಸ್ತಿನ ಪಾಲಿನ ಹೊಣೆಯನ್ನೂ ಹೇಳಬೇಕು. ಕನ್ನಡದಲ್ಲಿ ಸ್ಥಳನಾಮಗಳ ಅಧ್ಯಯನ ದಶಕಗಳಿಂದ ನಡೆದಿದೆ. ಹಂಪಿಯ ಕನ್ನಡ ವಿಶ್ವವಿದ್ಯಾಲಯದ ಶಾಸನ ಸಂಪುಟಗಳು ನಮ್ಮ ಮೇಜಿನ ಮೇಲೆಯೇ ಇವೆ. ಈ ಜ್ಞಾನ ಬಹುಪಾಲು ಅಚ್ಚಿನಲ್ಲಿದೆ, ಯಂತ್ರ ಓದಬಲ್ಲ ರೂಪದಲ್ಲಿಲ್ಲ. ಊರು, ಕೆರೆ, ಬೀದಿ, ಬೆಡಗುಗಳ ಹೆಸರುಗಳನ್ನು ರೋಮನ್ ರೂಪಭೇದಗಳೊಂದಿಗೆ ಕೊಡುವ ಒಂದು ಮುಕ್ತ ಪಟ್ಟಿ, ‘ಹೊಡೆ’ಯಂಥ ನೂರು ಧಾತುಗಳ ಉಪಭಾಷಾವಾರು ಬಳಕೆಯ ದಾಖಲೆ, ಉಲ್ಲೇಖ ಮತ್ತು ಅಂಕಿತಗಳಿಗೆ ಪ್ರತ್ಯೇಕ ಗುರುತುಳ್ಳ ಸಣ್ಣ ಪಠ್ಯಕೋಶ: ಇವು ಒಂದೆರಡು ಪಿಎಚ್.ಡಿ. ಪ್ರಬಂಧಗಳ ವ್ಯಾಪ್ತಿಯ ಕೆಲಸಗಳು.

ಈ ಲೇಖನದ ಹಿಂದೆ ನಮ್ಮದೇ ಒಂದು ಅನುಭವವಿದೆ. ಪುರಾವೆಯ ಬಲ ಅದಕ್ಕಿಲ್ಲವಾದ್ದರಿಂದ ಕೊನೆಗಿಟ್ಟಿದ್ದೇವೆ. ಹೊಸಪೇಟೆ, ಕಂಪ್ಲಿ ತಾಲ್ಲೂಕುಗಳ ಸ್ಥಳನಾಮಗಳನ್ನು ಸಂಗ್ರಹಿಸಲು ನಾವೊಂದು ಜಾಲತಾಣದಲ್ಲಿ ಖಾತೆ ತೆರೆದಿದ್ದೆವು. ಊರವರು ತಮ್ಮ ಹೊಲಗಳ, ಹಳ್ಳಗಳ ಹೆಸರುಗಳನ್ನು ಧ್ವನಿಮುದ್ರಿಸಿ ಅಲ್ಲಿಗೇ ಕಳಿಸುತ್ತಿದ್ದರು. ಒಂದು ಬೆಳಿಗ್ಗೆ ಖಾತೆ ತೆರೆಯಲಿಲ್ಲ. ಸಮುದಾಯದ ಮಾನದಂಡಗಳ ಉಲ್ಲಂಘನೆಯಾಗಿದೆಯೆಂಬ ಸೂಚನೆ ಇಂಗ್ಲಿಷಿನಲ್ಲಿತ್ತು. ಯಾವ ಬರಹ, ಯಾವ ಪದ ಎಂಬುದಿರಲಿಲ್ಲ. ಹಿಂದಿನ ವಾರ ಹಂಪಿಯ ಬೀದಿಗಳ ಹೆಸರುಗಳನ್ನು ಹಾಕಿದ್ದೆವೆಂಬುದು ನಿಜ, ಅದೇ ಕಾರಣವೆಂದು ನಾವು ಹೇಳಲಾರೆವು. ಮೇಲ್ಮನವಿಯ ನಮೂನೆಯಲ್ಲಿ ಆರಿಸಿಕೊಳ್ಳಲು ನಾಲ್ಕು ಕಾರಣಗಳಿದ್ದವು. ‘ಇದು ಒಂದು ಸ್ಥಳದ ಹೆಸರು’ ಎಂಬುದು ಆ ನಾಲ್ಕರಲ್ಲಿ ಇರಲಿಲ್ಲ. ‘ಇತರೆ’ ಎಂಬುದನ್ನು ಒತ್ತಿ, ಕೆಳಗಿನ ಚೌಕದಲ್ಲಿ ಅಚ್ಯುತಪೇಟೆಯ ಇತಿಹಾಸವನ್ನು ಇನ್ನೂರು ಅಕ್ಷರಗಳಲ್ಲಿ ಬರೆದೆವು. ಎರಡು ತಿಂಗಳ ಮೇಲೆ ಖಾತೆ ತೆರೆಯಿತು. ಕಾರಣ ಆಗಲೂ ಬರಲಿಲ್ಲ. ಅಷ್ಟರಲ್ಲಿ ಕಂಪ್ಲಿಯ ಹಿರಿಯರೊಬ್ಬರು, ತಾವು ಕಳಿಸಿದ ಹೊಲದ ಹೆಸರುಗಳಿಗೆ ಉತ್ತರವೇ ಬರಲಿಲ್ಲವೆಂದು ಬೇಸರಗೊಂಡು, ಕಳಿಸುವುದನ್ನು ನಿಲ್ಲಿಸಿದ್ದರು.